ಶುಕ್ರವಾರದ ಹಾಳೆ ಮಡಿಸುವವಳು

ಗುಳುಗುಳು, ಗುಳುಗುಳು, ಆಮೇಲೆ ಒಂದು ಸಣ್ಣ ಬಿಕ್ಕಳಿಕೆ. ಆರನೇ ತರಗತಿಯ ಮೂಲೆಯ ಗಾಜಿನ ಮೀನುತೊಟ್ಟಿಯಲ್ಲಿ ಪಂಪು ಹೀಗೆ ಸದ್ದು ಮಾಡುತ್ತಿದ್ದರೆ ವರ್ನಾ ಪೆಲ್ಕಿಯ ಮನಸ್ಸು ನಿಶ್ಚಿಂತೆ. ಬಿಕ್ಕಳಿಕೆ ನಿಂತರೆ ನೀರು ಇಳಿದಿದೆ ಎಂದು ಅರ್ಥ. ಗುಳುಗುಳು ನಿಂತರೆ ಕರೆಂಟು ಹೋಗಿದೆ. ಇಪ್ಪತ್ತೆರಡು ವರ್ಷಗಳಿಂದ ಆಕೆ ಆ ಸದ್ದನ್ನು, ಒಲೆಯ ಮುಂದಿರುವ ತಾಯಿ ತೊಟ್ಟಿಲ ಮಗುವಿನ ಉಸಿರನ್ನು ಆಲಿಸುವ ಹಾಗೆ, ಬೇರೆ ಕೆಲಸ ಮಾಡುತ್ತಲೇ ಆಲಿಸುತ್ತ ಬಂದಿದ್ದಳು.

ಅಮೆರಿಕದ ಮೇನ್ ರಾಜ್ಯದ ಆಲ್ಡರ್ ಫಾಲ್ಸ್ ಶಾಲೆಯಲ್ಲಿ ವರ್ನಾ ಟೀಚರ್ ಅಲ್ಲ, ಟೀಚರಿಗೆ ಸಹಾಯಕಿ. ಮೊದಲು ಊಟದ ಕೋಣೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಲೆಕ್ಕದಲ್ಲಿ ಹಿಂದೆ ಬಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಕೆಲಸ ಆಮೇಲೆ ಸಿಕ್ಕಿತು. ತೊಟ್ಟಿಯ ಮೀನು ನೋಡಿಕೊಳ್ಳುವ ಕೆಲಸ ಯಾರೂ ಕೊಡದೆ ತಾನಾಗಿ ಸಿಕ್ಕಿತು. ಪ್ರತಿ ಫೆಬ್ರವರಿಯಲ್ಲಿ ಮೀನು ಸಾಕಣೆ ಕೇಂದ್ರದಿಂದ ಇನ್ನೂರು ಸಾಲ್ಮನ್ ಮೀನಿನ ಮೊಟ್ಟೆಗಳು ಬರುತ್ತವೆ, ಕಿತ್ತಳೆ ಬಣ್ಣದ ಮಣಿಗಳ ಹಾಗೆ. ಮಕ್ಕಳು ಅವು ಒಡೆಯುವುದನ್ನು ನೋಡುತ್ತಾರೆ, ಬರೆಯುತ್ತಾರೆ, ಚಿತ್ರ ತೆಗೆಯುತ್ತಾರೆ. ಶನಿವಾರ, ಭಾನುವಾರ, ಹಿಮ ಬಿದ್ದು ಶಾಲೆ ಮುಚ್ಚಿದ ದಿನ ನೀರಿನ ತಂಪು ಫ್ಯಾರನ್‌ಹೀಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುವವಳು ವರ್ನಾ. ಹಿಮ ಗುಡಿಸುವ ಲಾರಿಯಲ್ಲಿ ಅವಳನ್ನು ಕರೆತರುವ ಗಂಡ ರಾಯ್ಸ್, "ನಿನ್ನ ಮೀನುಗಳಿಗೆ ನಾನು ಮಲತಂದೆ ಕಣೇ, ಒಂದೂ ನನ್ನ ಮುಖ ನೋಡಲ್ಲ," ಎನ್ನುತ್ತಿದ್ದ.

ಮೇ ತಿಂಗಳಲ್ಲಿ ಎಲ್ಲರೂ ಬಸ್ಸಿನಲ್ಲಿ ಹೊಳೆಗೆ ಹೋಗುತ್ತಾರೆ. ಅಲ್ಲಿ ವರ್ನಾ ತಂದ ಒಂದು ನಿಯಮವಿತ್ತು. ಪ್ರತಿ ಮಗುವಿನ ಕೈಯಲ್ಲಿ ಒಂದು ಲೋಟ, ಲೋಟದಲ್ಲಿ ಒಂದು ಮೀನು. ಹೊಳೆಗಿಳಿದು ನಿಂತು ಲೋಟವನ್ನು ನೀರಿಗೆ ಬಾಗಿಸಿ ಹಿಡಿಯಬೇಕು, ಸುರಿಯಬಾರದು. ಮೀನು ತಾನಾಗಿ ಹೊರಡುವ ತನಕ ಕಾಯಬೇಕು. ಆ ಊರಿನಲ್ಲಿ ಮೀಸೆ ಬಂದ ಗಂಡಸರು ಕೂಡ ಪೆಟ್ರೋಲು ಹಾಕಿಸುವಾಗ ಅವಳನ್ನು ಕಂಡರೆ, "ಮಿಸೆಸ್ ಪೆಲ್ಕಿ, ನನ್ನ ಮೀನು ಎರಡು ನಿಮಿಷಕ್ಕೇ ಹೋಗಿತ್ತು, ನೆನಪಿದೆಯಾ?" ಎಂದು ಕೇಳುತ್ತಿದ್ದರು. ವರ್ಷದಲ್ಲಿ ಆ ಒಂದು ದಿನಕ್ಕಾಗಿ ಅವಳು ಉಳಿದ ದಿನಗಳನ್ನು ದಾಟುತ್ತಿದ್ದಳು.

ಏಪ್ರಿಲಿನ ಆ ಶುಕ್ರವಾರ ಊಟವಾದ ಮೇಲೆ ವರ್ನಾ ತೊಟ್ಟಿಯ ಪಕ್ಕದ ಮೇಜಿನಲ್ಲಿ ಕೂತು ಹಾಳೆ ಮಡಿಸುತ್ತಿದ್ದಳು. ವಾರದ ಸುದ್ದಿಯನ್ನು ಶಾಲೆ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಮಕ್ಕಳ ಚೀಲದಲ್ಲಿ ಮನೆಮನೆಗೆ ಕಳಿಸುತ್ತದೆ. ಯಾರ ತರಗತಿಯಲ್ಲಿ ಏನು ಪಾಠ, ಊರವರೆಲ್ಲ ಸೇರುವ ಬೀನ್ಸ್ ಊಟಕ್ಕೆ ಯಾರು ಪಾತ್ರೆ ತರಬೇಕು, ಯಾರ ಕೈಗವಸು ಕಳೆದಿದೆ, ಎಲ್ಲ ಅದರಲ್ಲಿ. ನೂರ ನಲವತ್ತು ಹಾಳೆ, ಮೂರು ಮಡಿಕೆ. ಅವಳು ಓದುತ್ತಿರಲಿಲ್ಲ; ಬೆರಳಿಗೆ ಓದು ಬೇಕಿಲ್ಲ. 'ಹೊಳೆ ಪ್ರವಾಸ' ಎಂಬ ತಲೆಬರಹ ಕಂಡು ಕೈ ನಿಂತಿತು.

"ಕಳೆದ ವರ್ಷ ತರಗತಿಯ ಸಹಾಯಕಿ ಸರಿಯಾಗಿ ಅಂದಾಜು ಮಾಡದ ಕಾರಣ ಒಬ್ಬ ವಿದ್ಯಾರ್ಥಿನಿ ಬಹಳ ಹೊತ್ತು ತಣ್ಣೀರಿನಲ್ಲಿ ನಿಲ್ಲುವಂತಾಯಿತು. ಈ ವರ್ಷ ಮೀನುಗಳನ್ನು ದೊಡ್ಡವರೇ ಬಕೆಟ್ಟಿನಿಂದ ಬಿಡುತ್ತಾರೆ." ಅದರ ಕೆಳಗೆ ಜೊತೆಗೆ ಹೋಗುವ ದೊಡ್ಡವರ ಹೆಸರು. ಅವಳದಿರಲಿಲ್ಲ. ಕೊನೆಯಲ್ಲಿ ಬರೆದವರ ಹೆಸರು: ಡೇಲ್ ಆಸ್‌ಗುಡ್.

ಡೇಲ್ ಆ ತರಗತಿಯ ಟೀಚರ್. ಹದಿನಾರು ವರ್ಷಗಳಿಂದ ಅವನ ಮೇಜು ಇಲ್ಲಿ, ಅವಳದು ಅಲ್ಲಿ, ನಡುವೆ ತೊಟ್ಟಿ.

ಕಳೆದ ಮೇ ತಿಂಗಳಲ್ಲಿ ನೊಯೆಲ್ ಸೀರ್ ಎಂಬ ಹುಡುಗಿಯ ಮೀನು ಲೋಟ ಬಿಟ್ಟು ಹೋಗಲೇ ಇಲ್ಲ. ಹುಡುಗಿಯ ತುಟಿ ಬಿಳಚಿದ್ದು ಕಂಡು ವರ್ನಾ ದಡದ ಕಡೆ ತಿರುಗಿ, "ಡೇಲ್, ಸಾಕು, ಕರ್ಕೊಂಡು ಬರಲಾ?" ಎಂದು ಕೇಳಿದ್ದಳು. "ಬೇಡ ಬಿಡಿ, ನಿಂತ್ಕೊಳ್ಳಲಿ. ನಿಮ್ಮದೇ ನಿಯಮ ಅಲ್ವಾ?" ಎಂದು ಅವನು ಮೇಲಿನಿಂದ ನಕ್ಕಿದ್ದ. ಇನ್ನೂ ಕಾಲು ಗಂಟೆ ಹೋಯಿತು. ಹುಡುಗಿಗೆ ಜ್ವರ ಬಂತು, ತಾಯಿ ಹೆಡ್‌ಮೇಡಂ ಹತ್ತಿರ ದೂರು ಒಯ್ದಳು. "ನಾನು ಮಾತಾಡಿದ್ದೀನಿ, ಎಲ್ಲ ಸರಿಹೋಯ್ತು, ನೀವು ತಲೆ ಕೆಡಿಸ್ಕೋಬೇಡಿ," ಎಂದಿದ್ದ ಡೇಲ್. ಹೇಗೆ ಸರಿಹೋಯಿತು ಎಂದು ಅವಳು ಕೇಳಿರಲಿಲ್ಲ. ಈಗ ಉತ್ತರ ಕೈಯಲ್ಲಿತ್ತು, ನೂರ ನಲವತ್ತು ಪ್ರತಿ.

ಡೇಲ್ ಕಾಫಿ ಹಿಡಿದು ಒಳಗೆ ಬಂದ. ಹಾಳೆ ಬಿಚ್ಚಿಟ್ಟಿರುವುದನ್ನು ನೋಡಿದ. ಕಾಫಿ ಕೆಳಗಿಡಲು ಜಾಗ ಹುಡುಕಿದ.

"ಇವತ್ತು ಹೇಳೋಣ ಅಂತಿದ್ದೆ," ಎಂದ.

"ಮಡಿಸೋಕೆ ಮುಂಚೆಯೋ, ಮಡಿಸಿದ ಮೇಲೋ?"

"ವರ್ನಾ, ಹಾಗಲ್ಲ. ಆ ತಾಯಿ ಬಿಡ್ಲಿಲ್ಲ. ಪ್ರವಾಸವೇ ನಿಲ್ಲಿಸ್ತೀವಿ ಅಂದ್ರು ಮೇಲಿನೋರು. ಯಾರದ್ದಾದ್ರೂ ತಪ್ಪು ಅಂತ ತೋರಿಸ್ಬೇಕಿತ್ತು."

"ನಿಂದು ತೋರಿಸಿದ್ರೆ ಪ್ರವಾಸ ನಿಲ್ತಿತ್ತಾ?"

ಅವನು ಕಿಟಕಿ ನೋಡಿದ. "ನಾನು ಉಪ ಹೆಡ್‌ಮಾಸ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದೀನಿ. ನಿಮಗೇ ಗೊತ್ತಲ್ಲ. ಹೆಸರು ಬರೆದಿಲ್ಲ ನೋಡಿ, ಸಹಾಯಕಿ ಅಂತಷ್ಟೇ..."

"ಆರನೇ ತರಗತಿಗೆ ಎಷ್ಟು ಜನ ಸಹಾಯಕಿಯರಿದ್ದಾರಪ್ಪಾ?"

ಪಂಪು ಬಿಕ್ಕಳಿಸಿತು. ಅವನು ದನಿ ತಗ್ಗಿಸಿ, ಹಳೆಯ ಗೆಳೆಯನ ಸಲಿಗೆಯಲ್ಲಿ ಹೇಳಿದ: "ಅವತ್ತು ಕೂಡ ನೀವು ಹೊತ್ಕೊಂಡ್ರಿ. ಏನೂ ಅಂದ್ಕೊಳ್ಳಲಿಲ್ಲ. ಈಗಲೂ ನಿಮಗೆ ಅಷ್ಟು ಬೇಜಾರಾಗಲ್ಲ ಅಂದ್ಕೊಂಡೆ."

ಅವತ್ತು ಎಂದರೆ ಯಾವತ್ತು ಎಂದು ಅವಳು ಕೇಳಬೇಕಾಗಿರಲಿಲ್ಲ. ಅವನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಚಳಿಗಾಲದ ಕೊನೆ. ಪಾಠದ ಚಿತ್ರ ತೋರಿಸುವ ಪ್ರೊಜೆಕ್ಟರ್ ಹಾಕಲು ತೊಟ್ಟಿ ತಂಪು ಮಾಡುವ ಯಂತ್ರದ ಪ್ಲಗ್ಗು ಕಿತ್ತವನು ಮತ್ತೆ ಹಾಕದೆ ಮನೆಗೆ ಹೋಗಿದ್ದ. ಬೆಳಿಗ್ಗೆ ಬಂದು ನೋಡಿದರೆ ಇನ್ನೂರೂ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನ ಕೆಲಸ ಕಾಯಂ ಆಗುವ ತಿಂಗಳು ಅದು. ಹುಡುಗನ ಮುಖ ನೋಡಿ ವರ್ನಾ ಆಗಿನ ಹೆಡ್‌ಮಾಸ್ಟರಿಗೆ, ಪ್ಲಗ್ಗು ಕಿತ್ತವಳು ನಾನೇ ಎಂದಳು. ಆ ವರ್ಷವೆಲ್ಲ ಮಕ್ಕಳು ಅವಳನ್ನು ಮೀನು ಕೊಂದವಳು ಎಂದು ಕರೆದರು. ಅವನು ಮರುದಿನ ತಾನೇ ಬೇಯಿಸಿದ ಬ್ಲೂಬೆರಿ ಕೇಕು ತಂದಿದ್ದ. ತಳ ಸೀದಿತ್ತು. ಇಬ್ಬರೂ ಅದನ್ನು ತಿಂದು ಮುಗಿಸಿದ್ದರು. ಈ ಲೋಕದಲ್ಲಿ ತಾನು ತಪ್ಪು ಹೊತ್ತ ಗುಟ್ಟು ಒಬ್ಬನ ಎದೆಯಲ್ಲಿ ಭದ್ರವಾಗಿದೆ ಎಂದು ಅವಳು ಹದಿನಾಲ್ಕು ವರ್ಷ ನಂಬಿದ್ದಳು. ಭದ್ರವಾಗಿಯೇ ಇತ್ತು. ಮುಂದೆ ಬೇಕಾದೀತು ಎಂದು ಎತ್ತಿಟ್ಟ ಹಾಗೆ.

"ಅವತ್ತು ನಾನು ಕೊಟ್ಟೆ, ಡೇಲ್," ಎಂದಳು. "ಇವತ್ತು ನೀನು ತಗೊಂಡೆ."

ಅವನು ಕಾಫಿಯನ್ನು ಕಿಟಕಿಯ ಅಂಚಿಗೆ ಇಟ್ಟ. ಅವಳು ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟಳು.

"ಮುಂದಿನ ಶುಕ್ರವಾರದ ಹಾಳೆಯಲ್ಲಿ ಒಂದು ಸಾಲು ಹಾಕು. ಹುಡುಗಿ ನೀರಲ್ಲೇ ನಿಂತ್ಕೊಳ್ಳಲಿ ಅಂದವನು ನಾನು ಅಂತ. ಅಷ್ಟೇ. ನನ್ನ ಹೊಗಳೋದೇನೂ ಬೇಡ."

"ಕೆಲಸದ ತೀರ್ಮಾನ ಜೂನಿನಲ್ಲಿ. ಅದಾಗ್ಲಿ ವರ್ನಾ, ಆಮೇಲೆ ಖಂಡಿತ..."

"ಜೂನಿನಲ್ಲಿ ಮೀನು ಹೊಳೆಯಲ್ಲಿರ್ತವೆ."

ಅವನು ತನ್ನ ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸತೊಡಗಿದ. ತಾನಿಲ್ಲದೆ ಬಸ್ಸು ಹೊರಟು ಹೋದದ್ದು ಅವಳಿಗೆ ಕಂಡಿತು. ದೊಡ್ಡವರ ಕೈಯಲ್ಲಿ ಬಕೆಟ್ಟು, ದಡದಲ್ಲಿ ಸಾಲಾಗಿ ನಿಂತ ಮಕ್ಕಳು, ಒಂದೇ ಸಲ ಗುಪ್ಪನೆ ಸುರಿದ ನೀರು.

ಉಳಿದ ಹನ್ನೆರಡು ಹಾಳೆಗಳನ್ನು ವರ್ನಾ ನಿಧಾನವಾಗಿ ಮಡಿಸಿದಳು, ಅಂಚಿಗೆ ಅಂಚು ಕೂಡಿಸಿ. ಬುಟ್ಟಿಯಲ್ಲಿ ಜೋಡಿಸಿದಳು. ಕೊರಳಿನ ದಾರದಿಂದ, ಶನಿವಾರ ಭಾನುವಾರ ಶಾಲೆ ತೆರೆಯುವ ಬೀಗದ ಕೈ ಬಿಚ್ಚಿ, ತಂಪು ಬರೆಯುವ ಪುಸ್ತಕದ ಮೇಲಿಟ್ಟಳು.

"ಅದನ್ನ ಯಾಕೆ ಇಡ್ತಿದ್ದೀರಿ?" ಡೇಲ್ ಮುಂದೆ ಬಂದ. "ಹಾಳೆ ಹಂಚೋದು ಬೇಡ ಬಿಡಿ, ನಾನೇ ಹಂಚ್ತೀನಿ. ಕೂತ್ಕೊಳ್ಳಿ, ಸ್ವಲ್ಪ ಮಾತಾಡೋಣ."

ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ನಾಳೆ ಬೆಳಿಗ್ಗೆ ಬರ್ತೀರಲ್ವಾ? ವರ್ನಾ, ನೀರು ಎಷ್ಟು ಡಿಗ್ರಿ ಇರಬೇಕು? ನಲವತ್ತೆಂಟಾ, ಐವತ್ತೆಂಟಾ? ಅಷ್ಟಾದ್ರೂ ಹೇಳಿ..."

ಶಾಲೆ ಬಿಡುವ ಗಂಟೆ ಹೊಡೆಯಿತು. ಹೊರಗಿನ ಪಡಸಾಲೆಯಲ್ಲಿ ಮಕ್ಕಳು ಚೀಲದ ಬಾಯಿ ತೆರೆದು ನಿಂತಿದ್ದರು. ವರ್ನಾ ಬಾಗಿಲು ದಾಟಿ ಮೊದಲನೆಯ ಹಾಳೆಯನ್ನು ಮೊದಲನೆಯ ಚೀಲಕ್ಕೆ ಹಾಕಿ ಮುಂದೆ ನಡೆದಳು. ಹಿಂದಿನಿಂದ ಅವನು ಇನ್ನೂ ಕೇಳುತ್ತಲೇ ಇದ್ದ.