ಎರಡು ಸಂಬಳ ಕೂಡಿಸಿಕೊಟ್ಟ ಫಾರಂ ಅಕ್ಕ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿದ್ದವು. ಪಿಂಚಣಿ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬರುವ ಮುದುಕಿಯರ ಕೈ ನಡುಗುತ್ತದೆಂದು, ಅವರ ಬೆರಳನ್ನು ತಾವೇ ಹಿಡಿದು ಇಂಕಿನ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದರು. ಆ ಬಣ್ಣ ಸೋಪಿಗೂ ಹೋಗುತ್ತಿರಲಿಲ್ಲ. ಕೀಬೋರ್ಡಿನ ಕೆಲವು ಗುಂಡಿಗಳಿಗೂ ಅದು ಹತ್ತಿಕೊಂಡಿತ್ತು ಎಂದು ಬರೆಯಹೊರಟೆ. ಅದನ್ನು ನಿಜವಾಗಿ ಕಂಡಿದ್ದೆನೋ, ಈಗ ಸೇರಿಸುತ್ತಿದ್ದೇನೋ ಗೊತ್ತಿಲ್ಲ. ಬೆರಳು ಮಾತ್ರ ನಿಜ.

ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಹತ್ತಿರ ಅವರದು ಒಂದೇ ಬಾಗಿಲಿನ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಆದಾಯ ತೆರಿಗೆ, ಯಾವ ಅರ್ಜಿಯಾದರೂ ಅಲ್ಲಿ ತುಂಬಿಸಬಹುದಿತ್ತು. ಎಲ್ಲರೂ ಅವರನ್ನು ಫಾರಂ ಅಕ್ಕ ಎನ್ನುತ್ತಿದ್ದರು. ತುಂಬಿದ ಅರ್ಜಿಯನ್ನು ಪೂರ್ತಿ ಓದಿ ಹೇಳದೆ ಯಾರಿಂದಲೂ ಸಹಿ ಹಾಕಿಸಿಕೊಳ್ಳುತ್ತಿರಲಿಲ್ಲ. ಓದುವಾಗ ಸಿಕ್ಕಿಬಿದ್ದವರನ್ನು ಬಿಡುತ್ತಲೂ ಇರಲಿಲ್ಲ. ವಯಸ್ಸು ಬರೆಸುತ್ತಿದ್ದ ಒಬ್ಬರಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ: “ಯಜಮಾನ್ರೇ, ಓದ್ ವರ್ಸವೂ ಅರವತ್ತು, ಈ ವರ್ಸವೂ ಅರವತ್ತು. ಅದೇನ್ ಮದ್ದು ಕುಡೀತಿದ್ದೀರಿ, ನಮ್ಗೂ ವಸಿ ಕೊಡಿ.”

ನಾನು ಆಗಲೂ ಈಗಲೂ ಎರಡು ಕಡೆ ಅರೆಕಾಲಿಕ ಕೆಲಸದವಳು. ಸೋಮವಾರದಿಂದ ಬುಧವಾರದವರೆಗೆ ಹನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಗುರುವಾರದಿಂದ ಶನಿವಾರದವರೆಗೆ ಯಳಂದೂರಿನ ಒಂದು ಖಾಸಗಿ ಕಾಲೇಜು. ಬೇರೆಲ್ಲೂ ಪಾಠ ಮಾಡಕೂಡದು ಎಂದು ಯಳಂದೂರಿನವರು ಬಾಯಿಮಾತಿನಲ್ಲೇ ಷರತ್ತು ಹಾಕಿದ್ದರು. ಹನೂರಿನ ವಿಷಯ ಅವರಿಗೆ ಹೇಳಿರಲಿಲ್ಲ. ಎರಡರಲ್ಲಿ ಒಂದು ಕೈತಪ್ಪಿದರೂ ನನ್ನ ಮನೆ ನಡೆಯುತ್ತಿರಲಿಲ್ಲ.

ಮೊದಲ ಸಲ ತೆರಿಗೆ ರಿಟರ್ನ್ ಹಾಕಲು ಹೋದಾಗ ಹನೂರಿನ ಸಂಬಳದ ಪತ್ರವನ್ನಷ್ಟೇ ಒಯ್ದಿದ್ದೆ. ಎರಡು ಕಡೆ ದುಡಿಯುವವರು ಒಂದು ಕಡೆಯ ಸಂಬಳವನ್ನು ಇನ್ನೊಂದು ಕಡೆಗೆ ಬರೆದು ತಿಳಿಸಬೇಕು ಎಂದು ಎಲ್ಲೋ ಓದಿ ಹೆದರಿದ್ದೆ. ಒಂದನ್ನು ತೋರಿಸದಿದ್ದರೆ ಆ ತಾಪತ್ರಯವೇ ಇಲ್ಲವಲ್ಲ ಎಂಬುದು ನನ್ನ ಲೆಕ್ಕ. ಎಂ.ಎ. ಓದಿದವಳ ಲೆಕ್ಕ.

ಆ ದಿನ ಅಂಗಡಿಯ ಬೆಂಚಿನ ಮೇಲೆ ಯಳಂದೂರಿನ ಕಾಲೇಜಿನ ಗುಮಾಸ್ತರು ತಮ್ಮದೇನೋ ಪಹಣಿಗೆಂದು ಕೂತಿದ್ದರು. ನನ್ನನ್ನು ಕಂಡು, ಏನು ಮೇಡಂ ಇಲ್ಲಿ ಎಂದು ನಕ್ಕರು. ಅಕ್ಕ ನನ್ನ ಪ್ಯಾನ್ ನಂಬರು ಹಾಕಿ ಒಂದು ಗಳಿಗೆ ಪರದೆಯನ್ನು ನೋಡಿದರು. ಗುಮಾಸ್ತರ ಕಡೆ ನೋಡಿದರು. ಎದ್ದು ಪರದೆಗೆ ಅಡ್ಡ ನಿಂತು, ಯಾವತ್ತೂ ಇಲ್ಲದ ಮರ್ಯಾದೆಯಲ್ಲಿ ಹೇಳಿದರು: “ಸರ್ವರ್ ಓಗ್ಬುಟ್ಟದೆ ಮೇಡಂ. ನಾಳೆ ಬನ್ನಿ.”

ಮರುಕ್ಷಣವೇ ಗುಮಾಸ್ತರ ಪಹಣಿ ಪ್ರಿಂಟಾಗಿ ಬಂತು. ನನ್ನನ್ನು ಸಾಗಹಾಕಿದರು ಎಂದುಕೊಂಡೆ. ಡೈರಿಯ ಆ ಪುಟದಲ್ಲಿ “ಸರ್ವರ್ ಇಲ್ಲವಂತೆ. ಸಿಟ್ಟು” ಎಂದಷ್ಟೇ ಇದೆ. ಆ ಸಿಟ್ಟಿನಲ್ಲಿ ಮನೆಗೆ ಹೋಗಿ ಫೋನಿನಲ್ಲೇ ಹನೂರಿನ ಸಂಬಳವೊಂದನ್ನು ತೋರಿಸಿ ರಿಟರ್ನ್ ಹಾಕಿಬಿಟ್ಟೆ. ಅದೂ ಸಾಲದೆ, ನನ್ನ ಕೆಲಸ ಮುಗಿಯಿತು ಎಂದು ಹೇಳಿಬರಲು ಮರುದಿನ ಅಂಗಡಿಗೆ ಹೋದೆ.

ಅಕ್ಕ ಒಬ್ಬರೇ ಇದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹನೂರು, ಯಳಂದೂರು, ಎರಡೂ ಸಂಬಳ ನನ್ನ ಹೆಸರಿನ ಕೆಳಗೆ ಒಂದರ ಪಕ್ಕ ಒಂದು ಕೂತಿದ್ದವು. ಹಿಂದಿನ ದಿನ ಗುಮಾಸ್ತರು ಕತ್ತು ಚಾಚಿದ್ದರೆ ಸಾಕಿತ್ತು.

ಒಂದು ಕಡೆಯ ಸಂಬಳವಷ್ಟೇ ಆಗಿದ್ದರೆ ತೆರಿಗೆ ಬೀಳುತ್ತಿರಲಿಲ್ಲ. ಎರಡೂ ಕಾಲೇಜಿನವರು ತಮ್ಮದೊಂದೇ ಸಂಬಳವೆಂದು ನನಗೆ ಪೂರ್ತಿ ರಿಯಾಯಿತಿ ಲೆಕ್ಕ ಹಾಕಿ, ತೆರಿಗೆಯೆಂದು ಏನೂ ಹಿಡಿದುಕೊಂಡಿರಲಿಲ್ಲ. ಆ ರಿಯಾಯಿತಿ ಆಳಿಗೆ ಒಂದೇ ಸಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅಕ್ಕ ಕುರ್ಚಿ ಎಳೆದು ಕೂರಿಸಿದರು.

“ಅನೂರಲ್ಲಿ ಅರ್ಧ ಮುದ್ದೆ ಉಂಡೆ ಅನ್ನು, ಯಳಂದೂರಲ್ಲಿ ಅರ್ಧ. ಒಟ್ಟೆ ಒಂದೇ ತಾನೆಯಾ? ಪ್ಯಾನ್ ಕಾರ್ಡೂ ಅಂಗೇಯ.”

ಹಾಗಾದರೆ ಯಳಂದೂರಿನವರಿಗೆ ಹೇಳಬೇಕಲ್ಲ, ಕೆಲಸ ಹೋಗುತ್ತದಲ್ಲ ಎಂದು ಅಳುವಂತಾದೆ.

“ಸರ್ಕಾರಕ್ಕೆ ತಿಳಿಸ್ಲೇಬೇಕು. ಕಾಲೇಜಿಗೆ ತಿಳಿಸ್ಬೇಕು ಅಂತ ಕಡ್ಡಾಯ ಇಲ್ಲ ಕಣವ್ವ. ತಿಳಿಸುದ್ರೆ ಅವ್ರೇ ಇಡ್ಕಂಡು ಕಟ್ತಾರೆ. ಇಲ್ದಿದ್ರೆ ನೀನೇ ಕಟ್ಬುಡು.”

ಅಷ್ಟೇ. ತಿಂಗಳುಗಟ್ಟಲೆ ನಿದ್ದೆ ಕೆಡಿಸಿದ್ದ ಗಂಟು ಅಷ್ಟಕ್ಕೆ ಬಿಚ್ಚಿಕೊಂಡಿತು. ತಪ್ಪು ರಿಟರ್ನನ್ನು ತಿದ್ದಿ ಮತ್ತೆ ಹಾಕಲು ಅವಕಾಶವಿತ್ತು. ಬಾಕಿ ಕಟ್ಟಿಸಿದರು, ಎರಡೂ ಸಂಬಳ ಸೇರಿಸಿ ತಿದ್ದಿಸಿದರು, ಪ್ರತಿ ಸಾಲನ್ನೂ ನನ್ನ ಕೈಯಲ್ಲೇ ಟೈಪ್ ಮಾಡಿಸಿದರು. ಹೊರಡುವಾಗ, “ನೀ ಕದ್ದಿಲ್ಲ ಬುಡು, ಎದ್ರುಕಂಡಿದ್ದೆ” ಎಂದರು. ಈ ಮಾತು ಡೈರಿಯಲ್ಲಿಲ್ಲ. ಅವರು ಅಂದದ್ದೇ ಹೌದೆ, ಅಥವಾ ನನ್ನ ಸಮಾಧಾನಕ್ಕೆ ನಾನೇ ಅವರ ದನಿಯಲ್ಲಿ ಹೇಳಿಕೊಂಡೆನೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರೇ ಅಂದದ್ದಾಗಿರಲಿ ಎಂಬ ಆಸೆ ಇರುವುದರಿಂದಲೇ ಅನುಮಾನ.

ಆಮೇಲೆ ಪ್ರತಿ ಜುಲೈನಲ್ಲೂ ಎರಡೂ ಪತ್ರ ಹಿಡಿದು ಹೋಗುತ್ತಿದ್ದೆ. ಹೇಗೆ ಮಾಡುವುದೆಂದು ಕಲಿತಿದ್ದರೂ ಹೋಗುತ್ತಿದ್ದೆ. ಅವರು ಎರಡನ್ನೂ ಒಂದೇ ಪಿನ್ನಿಗೆ ಚುಚ್ಚಿ, ಇನ್ನೂ ಪರ್ಮನೆಂಟ್ ಮಾಡ್ಲಿಲ್ವಾ ಅವ್ರು ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಟೀ ತರಿಸುತ್ತಿದ್ದರು.

ಕಳೆದ ದಸರೆಯ ಹೊತ್ತಿಗೆ ಅಂಗಡಿ ಮುಚ್ಚಿತು. ಮಧುವನಹಳ್ಳಿಯ ತಂಗಿಯ ಮನೆಯಲ್ಲಿ ಮಲಗಿದ್ದಾರೆ, ಎಲ್ಲರನ್ನೂ ಕೇಳುತ್ತಾರೆ ಎಂದು ಪಕ್ಕದ ಜೆರಾಕ್ಸ್ ಅಂಗಡಿಯವರು ತಿಳಿಸಿದರು. ಹೋಗಬೇಕು ಎಂದು ಡೈರಿಯಲ್ಲಿ ನಾಲ್ಕು ಕಡೆ ಬರೆದಿದ್ದೇನೆ. ವಾರದ ಆರೂ ದಿನ ಎರಡು ಕಾಲೇಜು, ರಜೆ ಕೇಳಿದರೆ ಅನುಮಾನ. ಭಾನುವಾರ ಇತ್ತಲ್ಲ ಎಂದು ಈಗ ಕೇಳಿಕೊಳ್ಳುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಅವರು ಹೋದರು. ನನಗೆ ಗೊತ್ತಾದದ್ದು ಮಣ್ಣು ಮಾಡಿದ ಮರುದಿನ.

ಅವರು ಉಳಿಸಿಕೊಟ್ಟ ಎರಡೂ ಕೆಲಸ ನನಗಿವೆ. ಹನೂರಿನ ಬಸ್ಸು ಮಧುವನಹಳ್ಳಿಯ ಮೇಲೇ ಹೋಗುತ್ತದೆ. ಅವರು ಮಲಗಿದ್ದ ಆ ಮೂರು ತಿಂಗಳು, ವಾರಕ್ಕೆ ಮೂರು ದಿನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಅದು ಅಲ್ಲಿ ನಿಲ್ಲುತ್ತಿತ್ತು. ನಾನು ಇಳಿಯಲಿಲ್ಲ.