ಸ್ಕೋಪಿನೊಳಗಿನ ಸೊಟ್ಟ ಗೆರೆ

ನಮ್ಮ ಭಾವನಿಗೆ ರೈಫಲ್ ಕ್ಲಬ್ಬಿನಲ್ಲಿ ‘ನಾಲ್ಕನೆಯವರು’ ಎಂದೇ ಹೆಸರು. ವರ್ಷದ ಕೊನೆಯ ಸ್ಪರ್ಧೆಯಲ್ಲಿ ಬಹುಮಾನ ಮೂವರಿಗೆ ಮಾತ್ರ. ಇಪ್ಪತ್ತೆರಡು ವರ್ಷ ಗುರಿ ಹೊಡೆದ ಭಾವ ಆರು ಸಲ ನಾಲ್ಕನೆಯವರಾಗಿದ್ದರು. ಹತ್ತನೆಯವರಾಗಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ, ಮೂರನೆಯವರಾಗಿದ್ದರೆ ಮನೆಯಲ್ಲಿ ಒಂದು ಕಪ್ಪಾದರೂ ಇರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತು ಬಂದಾಗಲೆಲ್ಲ ನಾವು ಅವರ ಮುಖ ನೋಡಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಲೆನ್ಸ್ ಉಜ್ಜುವ ಕೆಲಸ. ಅದೇ ಅಂಗಡಿಯ ಮುಂದಿನ ಕೌಂಟರಿನಲ್ಲಿ ಫ್ರೇಮು ಮಾರುವವಳು ನಾನು. ನನಗೆ ಆ ಕೆಲಸ ಕೊಡಿಸಿದ್ದೂ ಅವರೇ, ನಾನಿರುವುದೂ ಅವರ ಮನೆಯಲ್ಲೇ. ಹಿಂದಿನ ಕೋಣೆ ಎಂದರೆ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಜಾಗ. ತಿರುಗುವ ಕಲ್ಲಿನ ಚಕ್ರ, ಅದರ ಮೇಲೆ ತೊಟ್ಟಿಕ್ಕುವ ನೀರು, ಕೆಳಗೆ ಬಿಳಿ ಕೆಸರು ತುಂಬಿದ ಬೋಗುಣಿ, ಮೂಲೆಯಲ್ಲಿ ಲೆನ್ಸಿನ ಪವರ್ ಅಳೆಯುವ ಹಳೇ ಯಂತ್ರ. ಹದಿನಾರನೇ ವಯಸ್ಸಿಗೆ ಆ ಕೋಣೆ ಸೇರಿದವರು, ಐವತ್ತೈದು ತುಂಬಿದಾಗಲೂ ಅಲ್ಲೇ ಇದ್ದರು. ಒಂದು ಲೆನ್ಸನ್ನು ಬೆಳಕಿಗೆ ಹಿಡಿದು ಒಮ್ಮೆ ಆಚೀಚೆ ಅಲುಗಿಸಿದರೆ ಸಾಕು, ಎಲ್ಲಿ ಗೀರಿದೆ, ಯಾವ ಕಡೆ ವಾಲಿದೆ ಎಂದು ಹೇಳಿಬಿಡುತ್ತಿದ್ದರು. ಗಾಜಿನ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಂಡಿರಲಿಲ್ಲ.

ಬಂದೂಕಿನ ಹುಚ್ಚು ಹಿಡಿದದ್ದೂ ಕನ್ನಡಕದಿಂದಲೇ. ಕ್ಲಬ್ಬಿನ ಕಾರ್ಯದರ್ಶಿಯ ಕನ್ನಡಕ ಕೊಡಲು ಹೋದವರು, ‘ಒಂದು ಹೊಡೆದು ನೋಡ್ತೀರಾ?’ ಎಂದು ಆತ ತಮಾಷೆಗೆ ಕೇಳಿದ್ದಕ್ಕೆ ಮಂಡಿಯೂರಿ ಹೊಡೆದೇಬಿಟ್ಟರಂತೆ. ಗುಂಡು ನಡುವಿನ ಕಪ್ಪಿಗೆ ಬಿತ್ತು. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಲಿಲ್ಲ. ಬ್ರೆಡ್ ಕಾರ್ಖಾನೆಯಲ್ಲಿ ವಾರವಿಡೀ ನಿಂತು ಪ್ಯಾಕಿಂಗ್ ಮಾಡುವ ನನ್ನಕ್ಕ ಇದನ್ನು ಸುಮ್ಮನೆ ಬಿಟ್ಟಾಳೆಯೇ? “ಅಷ್ಟು ದೂರದ ಕಾಗದಕ್ಕೆ ತೂತು ಮಾಡ್ತಾರೆ, ಕಣ್ಮುಂದಿರೋ ಗೋಡೆಗೆ ಒಂದು ಮೊಳೆ ಹೊಡೆಯೋಕೆ ನಾನು ವರ್ಷಗಟ್ಟಲೆ ಗೋಗರೀಬೇಕು,” ಅನ್ನುತ್ತಿದ್ದಳು.

ಐವತ್ತೈದು ದಾಟಿದವರು ರೈಫಲಿಗೆ ಸ್ಕೋಪ್, ಅಂದರೆ ಗುರಿಯನ್ನು ಹತ್ತಿರ ತೋರಿಸುವ ದುರ್ಬೀನು, ಹಾಕಿಕೊಳ್ಳಬಹುದು ಎಂಬುದು ಕ್ಲಬ್ಬಿನ ನಿಯಮ. ರೈಫಲ್ ಕ್ಲಬ್ಬಿನದು, ಸ್ಕೋಪ್ ಮಾತ್ರ ಅವರವರೇ ತರಬೇಕು. ಭಾವನಿಗೆ ಹುಟ್ಟುಹಬ್ಬಕ್ಕಿಂತ ಆ ನಿಯಮ ದೊಡ್ಡದಾಯಿತು. ಇಷ್ಟು ವರ್ಷ ಬರಿಗಣ್ಣಲ್ಲಿ ನಾಲ್ಕನೆಯವನಾದವನು ಸ್ಕೋಪ್ ಸಿಕ್ಕರೆ ಒಂದು ಮೆಟ್ಟಿಲು ಹತ್ತಲಾರನೇ ಎಂಬ ಲೆಕ್ಕ. ದುಬಾರಿಯದ್ದು ನಮ್ಮ ಮನೆಯ ಮಟ್ಟಿಗೆ ಆಗದ ಮಾತು. ಅಗ್ಗದವುಗಳಲ್ಲಿ ಯಾವುದು ಒಳ್ಳೆಯದೆಂದು ತಿಂಗಳುಗಟ್ಟಲೆ ಹುಡುಕಿದರು. ಊಟದ ತಟ್ಟೆಯ ಪಕ್ಕದಲ್ಲೇ ಬೆಲೆಪಟ್ಟಿಗಳು ಬಿದ್ದಿರುತ್ತಿದ್ದವು.

“ಎಲ್ರೂ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಕೇಳ್ತಾರೆ,” ಎಂದು ನನಗೆ ಪಾಠ ಮಾಡುತ್ತಿದ್ದರು. “ಹುಚ್ಚರು. ಗುರಿ ದೊಡ್ಡದಾದಷ್ಟೂ ಕೈನಡುಕಾನೂ ದೊಡ್ಡದಾಗುತ್ತೆ. ಎದೆ ಬಡಿತ ಕೂಡ ಅದರಲ್ಲಿ ಕಾಣುತ್ತೆ. ನಮ್ಮಂಥೋರಿಗೆ ನಾಲ್ಕು ಪಟ್ಟು ಸಾಕು. ಗೆರೆ ಹೊಂದಿಸೋ ತಿರುಪು ತಿರುಗಿಸಿದ ಕಡೇನೇ ನಿಲ್ಲಬೇಕು, ಐವತ್ತು ಮೀಟರಿಗೆ ಗುರಿ ಸ್ಪಷ್ಟ ಇರಬೇಕು. ದುಡ್ಡು ಕೊಡೋದು ಗಾಜಿಗೆ ಕಣೇ, ಡಬ್ಬಿಗಲ್ಲ.”

“ಅಕ್ಕನ್ನ ನೋಡೋಕೆ ಬಂದಾಗ್ಲೂ ಇಷ್ಟು ಯೋಚನೆ ಮಾಡಿದ್ರಾ ಭಾವ?”

“ಇಲ್ಲ. ಅದಕ್ಕೇ ಈಗ ಮಾಡ್ತಿರೋದು, ಬಾಯಿಬಡುಕಿ.”

ನನ್ನನ್ನು ಅವರು ಕರೆಯುತ್ತಿದ್ದದ್ದೇ ಬಾಯಿಬಡುಕಿ ಎಂದು.

ಕೊನೆಗೆ, ಮೀನಿನ ಗಾಳ, ಟೆಂಟು, ದುರ್ಬೀನು ಎಲ್ಲ ಮಾರುವ ಒಂದು ಅಂಗಡಿಯಿಂದ ಸ್ಕೋಪ್ ತಂದರು. ಮೊದಲ ಭಾನುವಾರ ಕ್ಲಬ್ಬಿನಿಂದ ಬಂದವರ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಸ್ಕೋಪಿನೊಳಗೆ ಕೂದಲೆಳೆಯಂಥ ಎರಡು ಗೆರೆಗಳಿರುತ್ತವೆ, ಒಂದು ಅಡ್ಡ, ಒಂದು ಉದ್ದ. ಎರಡೂ ಕೂಡುವ ಜಾಗವನ್ನು ಗುರಿಯ ಮೇಲಿಟ್ಟು ಹೊಡೆಯಬೇಕು. ಆ ಅಡ್ಡಗೆರೆ ಸರಿಯಾಗಿ ನಡುವಿನಲ್ಲೇ ಸೊಟ್ಟಗಿದೆ, ಅಲ್ಲೇ ಒಂದು ಮಸುಕೂ ಇದೆ ಎಂದರು. ಮುಂದಿನ ಭಾನುವಾರವೂ ಹಾಗೇ ಆಯಿತು. ಸೋಮವಾರ ಅಂಗಡಿಯಿಂದ ಒಂದು ಗಂಟೆ ಬಿಡುವು ಕೇಳಿ, ವಾಪಸ್ ಕೊಡಲು ಹೊರಟರು. ಜಗಳವಾಡಲು ಬಾಯಿರುವವಳು ಬೇಕೆಂದು ನನ್ನನ್ನೂ ಕರೆದುಕೊಂಡರು.

ಅಂಗಡಿಯ ಗಡ್ಡದವನು ಸ್ಕೋಪನ್ನು ಬಾಗಿಲಿನತ್ತ ಹಿಡಿದು ನೋಡಿದ. ಇನ್ನೊಮ್ಮೆ ನೋಡಿದ. “ಸರಿಯಾಗೇ ಇದೆಯಲ್ರೀ,” ಎಂದ. ಭಾವ ಇಲ್ಲವೆಂದರು. ಅವನು ಪಕ್ಕದ ಗಿರಾಕಿಗೆ ಕಣ್ಣು ಹೊಡೆದು, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ನಕ್ಕ. ಗಿರಾಕಿಯೂ ನಕ್ಕ. ಭಾವನ ಕಿವಿ ಕೆಂಪಾಯಿತು. ಮೂವತ್ತೊಂಬತ್ತು ವರ್ಷ ಗಾಜು ಉಜ್ಜಿದ ಮನುಷ್ಯ ಅವರು. ನನಗೆ ಮೈಯೆಲ್ಲ ಉರಿದುಹೋಯಿತು.

“ಇಲ್ಲಿ ಕೊಡಿ,” ಎಂದು ಸ್ಕೋಪ್ ಕಿತ್ತುಕೊಂಡೆ. ಎದುರು ಕಟ್ಟಡದ ಕಿಟಕಿಗೆ ಹಿಡಿದು ನೋಡಿದೆ. ಗೆರೆ ದಾರ ಎಳೆದು ಕಟ್ಟಿದ ಹಾಗೆ ನೆಟ್ಟಗಿತ್ತು. ಮಸುಕು ಕಿಸುಕು ಏನೂ ಇರಲಿಲ್ಲ. ಕಿಟಕಿಯಲ್ಲಿ ಒಣಹಾಕಿದ್ದ ಕಾಲುಚೀಲದ ತೂತು ಕೂಡ ಕಾಣುತ್ತಿತ್ತು.

“ಸೊಟ್ಟಗಿದೆ,” ಎಂದೆ. “ನಡುವಿನಲ್ಲಿ. ನನಗೇ ಕಾಣ್ತಿದೆ, ನಿಮಗೆ ಕಾಣಲ್ವಾ? ನಾನೂ ಕನ್ನಡಕದ ಅಂಗಡಿಯೋಳೇ. ಬೇಕಿದ್ರೆ ಬನ್ನಿ, ನಿಮ್ಮ ಕಣ್ಣು ಟೆಸ್ಟ್ ಮಾಡಿಸ್ತೀನಿ.”

ನಮ್ಮವರನ್ನು ಪರರ ಮುಂದೆ ಬಿಟ್ಟುಕೊಡಬಾರದು, ಸರಿ ತಪ್ಪು ಮನೆಗೆ ಹೋದ ಮೇಲೆ ನೋಡಿಕೊಳ್ಳಬೇಕು. ಹಾಗೆಂದೇ ನಾವು ಬೆಳೆದದ್ದು. ನಮ್ಮ ಅಂಗಡಿಯ ಕೌಂಟರಿನ ಹಿಂದೆ ನಿಂತು ದಿನವೂ ಇಂಥ ಜಗಳ ಕಂಡವಳಿಗೆ, ಇಬ್ಬರು ಒಂದೇ ಮಾತು ಹೇಳಿದರೆ ಅಂಗಡಿಯವನು ಬಗ್ಗುತ್ತಾನೆ ಎಂಬುದೂ ಗೊತ್ತಿತ್ತು. ಗಡ್ಡದವನು ಗೊಣಗುತ್ತಾ ಬೇರೆ ಸ್ಕೋಪ್ ಕೊಟ್ಟ.

ಮನೆಗೆ ಹೋದ ಮೇಲೆ ನೋಡಿಕೊಳ್ಳುವುದನ್ನು ನಾನು ಮಾಡಲಿಲ್ಲ. ಹೇಗೆ ಮಾಡಲಿ? ದಾರಿಯಲ್ಲಿ ಭಾವ ನನ್ನ ಬೆನ್ನು ತಟ್ಟಿ, “ನೀನಿಲ್ದೇ ಇದ್ದಿದ್ರೆ ನನ್ನ ಕಣ್ಣೇ ಕೆಟ್ಟಿದೆಯೇನೋ ಅಂತ ಅನುಮಾನ ಬಂದ್ಬಿಡ್ತಿತ್ತು ಕಣೇ,” ಎಂದರು. ನಾನು ಯುದ್ಧ ಗೆದ್ದವಳ ಹಾಗೆ ನಡೆದೆ.

ಎರಡನೇ ಸ್ಕೋಪಿನಲ್ಲೂ ಗೆರೆ ಸೊಟ್ಟ. ಒಂದೇ ಕಾರ್ಖಾನೆಯ ಮಾಲು, ಎಲ್ಲವೂ ಹೀಗೇ ಇರಬೇಕು ಎಂದು ಭಾವ ತೀರ್ಮಾನಿಸಿದರು. ಈ ಸಲ ಒಬ್ಬರೇ ಹೋಗಿ ವಾಪಸ್ ಮಾಡಿ ಬಂದರು. ಮತ್ತೆ ಬೆಲೆಪಟ್ಟಿಗಳು ಊಟದ ಮೇಜಿಗೆ ಬಂದವು. ಆ ದಿನಗಳಲ್ಲೇ ಹಿಂದಿನ ಕೋಣೆಯ ಪವರ್ ಅಳೆಯುವ ಯಂತ್ರವನ್ನು ಅವರು ಮೇಲಿಂದ ಮೇಲೆ ಒರೆಸುವುದನ್ನು ಕಂಡೆ. ಅದರೊಳಗೂ ಮಸುಕು, ಮಾಲೀಕರು ಹೊಸದು ತರಬೇಕು ಎನ್ನುತ್ತಿದ್ದರು. ಆಮೇಲಾಮೇಲೆ ಎಡಗಣ್ಣಿಟ್ಟು ನೋಡತೊಡಗಿದರು. ತಾವು ಕಣ್ಣು ಬದಲಾಯಿಸಿದ್ದು ಅವರಿಗೇ ತಿಳಿದಿರಲಿಲ್ಲ.

ನನಗೆ ತಿಳಿದಿತ್ತು. ಒಂದು ಮಧ್ಯಾಹ್ನ, ಫ್ರೇಮುಗಳ ಧೂಳು ಹೊಡೆಯುತ್ತಿದ್ದಾಗ, ಗೆರೆ ನೆಟ್ಟಗಿತ್ತಲ್ಲ, ಹಾಗಾದರೆ ಸೊಟ್ಟಗಿರುವುದು ಯಾವುದು ಎಂದು ಹೊಳೆಯಿತು. ಆದರೆ ‘ಭಾವ, ಕಣ್ಣು ತೋರಿಸಿ’ ಎನ್ನಬೇಕಾದರೆ ಮೊದಲು ‘ಅವತ್ತು ಸುಳ್ಳು ಹೇಳಿದೆ’ ಎನ್ನಬೇಕು. ಮುಂದಿನ ಸ್ಕೋಪ್ ಬರಲಿ, ಅದರಲ್ಲಿ ಸರಿ ಕಂಡರೂ ಕಾಣಬಹುದು ಎಂದುಕೊಂಡು ಸುಮ್ಮನಾದೆ. ಗಿರಾಕಿಗಳ ಮುಂದೆ ಪಟಪಟ ಅನ್ನುವ ಎಲುಬಿಲ್ಲದ ನಾಲಿಗೆ, ಬೇಕಾದಾಗ ಮಾತ್ರ ಹೊರಳಲಿಲ್ಲ. ಹೇಡಿ ನಾನು.

ಮೂರನೆಯದು ಅಕ್ಕ ಕೊಡಿಸಿದ್ದು. “ನಿಮ್ಮ ಗೋಳು ನೋಡೋಕಾಗಲ್ಲ,” ಎಂದು ತನ್ನ ಚಳಿಗಾಲದ ಕೋಟಿಗೆಂದು ಎತ್ತಿಟ್ಟದ್ದನ್ನು ಸೇರಿಸಿದಳು. ಸ್ವಲ್ಪ ಮೇಲಿನ ದರ್ಜೆಯದು, ಬೇರೆ ಕಂಪನಿಯದು. ಅದನ್ನು ಹೊಸದಾಗಿ ಕೂರಿಸಿದ ಭಾನುವಾರ ನಾನೂ ಅಕ್ಕನೂ ಕ್ಲಬ್ಬಿಗೆ ಹೋಗಿದ್ದೆವು. ಭಾವ ಮಲಗಿ, ಕೆನ್ನೆ ಒತ್ತಿ, ತುಂಬಾ ಹೊತ್ತು ನೋಡಿದರು. ಹೊಡೆಯಲಿಲ್ಲ. “ಇದೂ ಸೊಟ್ಟ,” ಎಂದರು.

ತರಬೇತಿ ಕೊಡುವ ಮಾಸ್ತರರು ಪಕ್ಕದಲ್ಲೇ ಇದ್ದರು. “ಏಳಿ, ನಾನೊಂದು ಕೈ ನೋಡ್ತೀನಿ,” ಎಂದು ಅದೇ ರೈಫಲಿನಲ್ಲಿ ಐದು ಗುಂಡು ಹೊಡೆದರು. ಗುರಿಯ ಕಾಗದ ತರಿಸಿದರೆ, ಐದೂ ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಬಿದ್ದಿದ್ದವು. “ಸ್ಕೋಪ್ ಚಿನ್ನದಂಥದ್ದು ನಾಲ್ಕನೆಯವರೇ,” ಎಂದರು.

ಭಾವ ಕಾಗದ ಹಿಡಿದು ನಿಂತರು. ಆಮೇಲೆ ಎಡಗಣ್ಣು ಮುಚ್ಚಿ ಕ್ಲಬ್ಬಿನ ಬಾಗಿಲ ಚೌಕಟ್ಟನ್ನು ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು ಮುಚ್ಚಿದರು. ಅಕ್ಕ ಏನಾಯ್ತು ಎಂದು ಕೇಳುತ್ತಿದ್ದಳು. ಭಾವ ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಮಾರನೆಯ ದಿನ ಅಕ್ಕನಿಗೆ ಪಾಳಿ ಇತ್ತು. ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ಕಣ್ಣಿಗೆ ಹನಿ ಬಿಟ್ಟರು, ಯಂತ್ರಗಳ ಮುಂದೆ ಗಲ್ಲ ಇಡಿಸಿದರು, ಎಷ್ಟೋ ಚಿತ್ರ ತೆಗೆದರು. ಡಾಕ್ಟರು ನಮಗಿಂತ ಚಿಕ್ಕ ವಯಸ್ಸಿನ ಹೆಂಗಸು. ಬಲಗಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ ರಕ್ತ ಸೋರಿ, ಈಗ ಅಲ್ಲಿ ಕಲೆಗಟ್ಟಿದೆ ಎಂದರು.

“ಗೆರೆ ಸೊಟ್ಟ ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತು?”

“ಮೂರು ತಿಂಗಳಾಗಿರಬೇಕು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಮೊದಲ ವಾರದಲ್ಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಹೆಚ್ಚು ಕಮ್ಮಿ ಉಳಿಸಿಕೊಳ್ಳಬಹುದಿತ್ತು. ಈಗ ಈ ಕಣ್ಣಿನ ನಡುಭಾಗದ ನೋಟ ವಾಪಸ್ ಬರಲ್ಲ. ಎಡಗಣ್ಣಲ್ಲೂ ಇದರ ಗುರುತುಗಳಿವೆ. ಅದಕ್ಕೆ ಯಾವಾಗ ಬರುತ್ತೆ ಹೇಳೋಕಾಗಲ್ಲ.” ಆಮೇಲೆ ಚೀಟಿ ನೋಡಿ, “ಕನ್ನಡಕದ ಅಂಗಡೀಲಿ ಕೆಲಸ ಅಂತ ಬರೆದಿದೆ. ನಿಮಗೆ ಅನುಮಾನ ಬರ್ಲಿಲ್ವಾ?” ಎಂದರು.

“ಬಂದಿತ್ತು,” ಎಂದರು ಭಾವ. ಅಷ್ಟು ಹೇಳಿದವರು ಇದ್ದಕ್ಕಿದ್ದಂತೆ ಕುರ್ಚಿಯಿಂದ ಎದ್ದು ನನ್ನ ರಟ್ಟೆ ಹಿಡಿದು ಎಳೆದರು. “ಏ, ನೀನು ಕೂತ್ಕೋ ಇಲ್ಲಿ. ಡಾಕ್ಟ್ರೇ, ಇವಳು ನನ್ನ ನಾದಿನಿ. ಅವತ್ತು ಇವಳಿಗೂ ಗೆರೆ ಸೊಟ್ಟ ಕಾಣಿಸಿತ್ತು. ನನ್ನ ಜೊತೆಗೇ ನೋಡಿದ್ಲು, ಅದೇ ಜಾಗದಲ್ಲಿ. ನನ್ನದು ಹೋಯ್ತು, ಇವಳದಾದ್ರೂ ಉಳೀಲಿ. ಇವತ್ತೇ ನೋಡ್ಬಿಡಿ.”

ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಡಾಕ್ಟರು ಚೌಕುಳಿ ಗೆರೆಗಳ ಒಂದು ಕಾರ್ಡನ್ನು ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕಿ ನೋಡಿ, ಯಾವ ಗೆರೆಯಾದರೂ ಬಾಗಿದ ಹಾಗೆ ಕಾಣುತ್ತದೆಯೇ ಹೇಳಿ ಎಂದರು. ಆ ಕಾರ್ಡು ನನಗೆ ಹೊಸದಲ್ಲ. ಯಾವುದೋ ಔಷಧದ ಕಂಪನಿಯವರು ಕೊಟ್ಟದ್ದು ನನ್ನ ಕೌಂಟರಿನ ಹಿಂದಿನ ಗೋಡೆಯಲ್ಲೇ ಇದೆ. ಅದರ ಮೊಳೆಗೆ ನಾನು ಕೈಚೀಲ ನೇತುಹಾಕುತ್ತೇನೆ.

ಸುಳ್ಳನ್ನು ಮುಂದುವರಿಸಬಹುದಿತ್ತು. ಒಂದು ಗೆರೆ ಬಾಗಿದೆ ಎಂದಿದ್ದರೆ ಇನ್ನೂ ನಾಲ್ಕು ಚಿತ್ರ ತೆಗೆದು, ಏನೂ ಇಲ್ಲ, ಹೋಗಿ ಎನ್ನುತ್ತಿದ್ದರು. ಭಾವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ಆ ಹಿಡಿತ ನನ್ನ ಕಣ್ಣಿಗಾಗಿ ಎಂದು ತಿಳಿದ ಮೇಲೆ ನನ್ನಿಂದ ಆಗಲಿಲ್ಲ.

“ಎಲ್ಲಾ ನೆಟ್ಟಗಿವೆ,” ಎಂದೆ.

“ಸರಿಯಾಗಿ ನೋಡೇ,” ಎಂದರು ಭಾವ.

“ನೆಟ್ಟಗಿವೆ ಭಾವ.”

ಡಾಕ್ಟರು ಇನ್ನೊಂದು ಕಣ್ಣು ಮುಚ್ಚಿಸಿದರು. ಅದಕ್ಕೂ ಅದೇ ಹೇಳಿದೆ. ಭಾವ “ಅವತ್ತು?” ಎಂದು ಕೇಳಿದರು.

“ಅವತ್ತೂ ನೆಟ್ಟಗೇ ಇತ್ತು.”

ಹೆಗಲ ಮೇಲಿನ ಕೈ ಮೆಲ್ಲಗೆ ಹೊರಟುಹೋಯಿತು. ನಾನು ಅಳುತ್ತಾ, ಗಡ್ಡದವನು ನಕ್ಕದ್ದು, ನನಗೆ ತಡೆಯಲಾಗದೆ ಹೋದದ್ದು, ಎಲ್ಲ ಒದರಿದೆ. ಅವರು “ಇರ್ಲಿ ಬಿಡು,” ಎಂದು ಬಾಗಿಲತ್ತ ನಡೆದರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನಿಗೆ ಇವತ್ತಿಗೂ ಅವರು ಈ ಮಾತು ಹೇಳಿಲ್ಲ. ಅವಳು ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಇಬ್ಬರಿಗೂ ಸಮಾಧಾನ ಹೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ.

ಸ್ಕೋಪನ್ನು ಕ್ಲಬ್ಬಿಗೆ ಕೊಟ್ಟರು. ಆ ವರ್ಷದ ಸ್ಪರ್ಧೆಯಲ್ಲಿ ಅದರಿಂದ ಹೊಡೆದ ಯಾರೋ ನಾಲ್ಕನೆಯವರಾದರಂತೆ.

ಭಾವ ಈಗಲೂ ಅಂಗಡಿಗೆ ಬರುತ್ತಾರೆ. ಚಕ್ರದ ಕೆಲಸ ಇಲ್ಲ. ಫ್ರೇಮಿಗೆ ತಿರುಪು ಹಾಕುವುದು, ಕಡ್ಡಿ ಬಗ್ಗಿಸುವುದು, ಬೆರಳಿಗೆ ತಿಳಿಯುವಂಥದ್ದನ್ನು ಮಾಲೀಕರು ಕೊಡುತ್ತಾರೆ. ಎಡಗಣ್ಣೂ ಈಗ ಮೊದಲಿನ ಹಾಗಿಲ್ಲ. ಪ್ರತಿದಿನ ಬೆಳಿಗ್ಗೆ ಬಂದ ಕೂಡಲೇ ನನ್ನ ಕೈಚೀಲವನ್ನು ಮೊಳೆಯಿಂದ ತೆಗೆದು ಕೌಂಟರಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಆ ಚೌಕುಳಿ ಕಾರ್ಡು ನೋಡುತ್ತಾರೆ. ಏನು ಕಂಡಿತೆಂದು ನನಗೆ ಹೇಳುವುದಿಲ್ಲ. ಬಾಯಿಬಡುಕಿ ಎಂದು ಕರೆದು ಎಷ್ಟು ದಿನವಾಯಿತೋ.

ಮೊನ್ನೆ ಒಂದು ಲೆನ್ಸ್ ಕೂರಿಸಿದವರು, ಅದರ ಮೇಲೆ ಗುರುತಿಗೆಂದು ಎಳೆದ ಗೆರೆ ಫ್ರೇಮಿಗೆ ಸರಿಯಾಗಿದೆಯೋ ಇಲ್ಲವೋ ತಿಳಿಯದೆ ಹಿಂದಿನ ಕೋಣೆಯಿಂದ ಹೊರಗೆ ಬಂದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ, ಆಗ ತಾನೆ ಒಳಗೆ ಬಂದಿದ್ದ ಗಿರಾಕಿಯ ಮುಂದೆ ನಿಂತರು. ಆಕೆಯನ್ನು ನಾವಿಬ್ಬರೂ ಅದೇ ಮೊದಲು ಕಂಡದ್ದು.

“ಒಂಚೂರು ನೋಡಿ ಹೇಳ್ತೀರಾಮ್ಮಾ,” ಎಂದರು, “ಈ ಗೆರೆ ನೆಟ್ಟಗಿದೆಯಾ?”