ಹುಚ್ಚೆಳ್ಳು ಹೂವಿನ ಕವರು

ಅನಸೂಯ ಹುಚ್ಚೆಳ್ಳು ಹುರಿಯುತ್ತಿದ್ದರೆ ನಮ್ಮ ಮನೆಯ ಬಾಗಿಲು ಹಾಕಿದ್ದರೂ ಗೊತ್ತಾಗುತ್ತದೆ. ನಡುವೆ ಇರುವುದು ಒಂದೇ ಗೋಡೆ. ಮೊದಲು ಕಾಳು ಚಟಪಟ ಅನ್ನುವ ಸದ್ದು, ಆಮೇಲೆ ಘಮ. ಸೀದ ವಾಸನೆ ಮಾತ್ರ ಆ ಗೋಡೆ ದಾಟಿ ಬಂದದ್ದು ನನಗೆ ನೆನಪಿಲ್ಲ.

ಪಾವಗಡದ ಕಡೆಯಿಂದ ಸೊಸೆಯಾಗಿ ಬಂದವಳು ಅವಳು. ಬಂದ ಹೊಸದರಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಈಗ ಸಿಟ್ಟು ಬಂದಾಗ ಮಾತ್ರ ತೆಲುಗು. ಗಂಡ ಜಯರಾಮು ಬೆಳಗ್ಗೆ ಕುರಿ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಉಳಿಯುವವರು ಇವಳು ಮತ್ತು ಅತ್ತೆ ರಂಗಕ್ಕ. ಹುಚ್ಚೆಳ್ಳು ಚಟ್ನಿಪುಡಿಯನ್ನು ಸೊಸೆಗೆ ಕಲಿಸಿದವಳು ರಂಗಕ್ಕನೇ. ಕಲಿಸಿದಳು ಅನ್ನುವುದಕ್ಕಿಂತ ಬೈದು ಬೈದು ಹದ ತಂದಳು ಅನ್ನಬೇಕು.

ಪುಡಿಯನ್ನು ಬರೀ ಕವರಿಗೆ ತುಂಬಿ, ಬಾಯಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿ, ಬಡವನಹಳ್ಳಿಯಲ್ಲಿ ಬಸ್ಸು ಹತ್ತಿ ಅನಸೂಯ ಸಿರಾಕ್ಕೆ ಒಯ್ಯುತ್ತಿದ್ದಳು. ಅಲ್ಲಿ ನಂದೀಶ್ವರಯ್ಯನವರ ದಿನಸಿ ಅಂಗಡಿ. ಅವರು ಮೇಲೆ ತಮ್ಮ ಅಂಗಡಿಯ ಹೆಸರಿನ ಚೀಟಿ ಅಂಟಿಸಿ ಮಾರುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಚೀಲದಿಂದ ಅದೇ ಪುಡಿ ತೆಗೆದು, "ನಂದೀಶ್ವರಯ್ಯನೋರ ಮನೇಲೇ ಮಾಡ್ತಾರಂತೆ ಕಣಮ್ಮ, ಎಂಥಾ ಕೈಯೋ!" ಅಂದಳಂತೆ.

ಅನಸೂಯ ಅವತ್ತು ಮನೆಗೆ ಹೋಗದೆ ನೇರ ನಮ್ಮ ಜಗಲಿಗೆ ಬಂದು ಕೂತಳು.

"ನೋಡಮ್ಮ, ಹೊಗೆ ಕುಡಿಯೋಳು ನಾನು. ಕೈ ಮಾತ್ರ ಅವರದಂತೆ. ನಮ್ಮತ್ತೆ ಫೋಟೋ, ನಮ್ಮ ಊರಿನ ಹೆಸರು, ಎಲ್ಲಾ ಅಚ್ಚಾಕಿರೋ ಕವರು ಮಾಡಿಸ್ತೀನಿ. ಚೀಟಿ ಅಂಟಿಸಕ್ಕೆ ಜಾಗನೇ ಇರಬಾರದು."

ಅದೊಂದು ಹಟ ಅವಳಿಗೆ ಹಿಡಿಯಿತು. ತನ್ನ ಪುಡಿ ತನ್ನ ಹೆಸರಿನಲ್ಲಿ ಅಂಗಡಿಯಲ್ಲಿ ನೇತಾಡಬೇಕು.

ಕವರಿನ ಚಿತ್ರ ಮಾಡಿಕೊಡುವವನು ಕೊರಟಗೆರೆಯಲ್ಲಿದ್ದ. ಪ್ರಭುದೇವ್ ಅಂತ. ಮದುವೆ ಕಾರ್ಡು, ಫ್ಲೆಕ್ಸು ಎಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಕವರಾದರೆ ಚಿತ್ರ ಮಾಡಿ ತುಮಕೂರಿನ ಅಚ್ಚಿನ ಮಿಶನ್ನಿಗೆ ಕಳಿಸುತ್ತಾನೆ. ಜೊತೆಗೆ ಬಾ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದಳು.

"ಅಕ್ಕ, ಇದು ಮದುವೆ ಕಾರ್ಡ್ ಥರ ಅಲ್ಲ" ಅಂತ ಅವನು ಮೊದಲೇ ಹೇಳಿದ. "ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಉರುಳೆ ಕೆತ್ತಿಸಬೇಕು. ಕೆತ್ತಾದ ಮೇಲೆ ಒಂದು ಚುಕ್ಕೀನೂ ಅಳಿಸಕ್ಕಾಗಲ್ಲ. ಕವರೂ ಮೂಟೆಗಟ್ಟಲೆ ಹಾಕಿಸಿದ್ರೇನೆ ಮಿಶನ್ ಓಡಿಸೋದು. ಏನೇನು ಬೇಕು, ಈಗಲೇ ಹೇಳ್ಬಿಡಿ."

"ಎಣ್ಣೆ ಜಿನುಗಬಾರದು. ಹುಚ್ಚೆಳ್ಳು ಎಣ್ಣೆ ಬಿಡ್ತದೆ. ಮಧ್ಯ ನಮ್ಮತ್ತೆ ಫೋಟೋ. ಸುತ್ತ ಹುಚ್ಚೆಳ್ಳು ಹೂವು. ಹಳದಿ ಹೂವು, ತುಂಬ ಇರಬೇಕು."

"ಆಯ್ತು ಬಿಡಿ ಅಕ್ಕ, ಹಳದಿ ಹೂವು ತುಂಬಿಸ್ತೀನಿ."

ಹುಚ್ಚೆಳ್ಳು ಹೂವು ಹೇಗಿರುತ್ತದೆ ಅಂತ ಅವನು ಕೇಳಲಿಲ್ಲ. ಅದನ್ನೂ ಕೇಳುವವರಿದ್ದಾರೆ ಅಂತ ಇವಳಿಗೂ ಹೊಳೆಯಲಿಲ್ಲ. ರಾಗಿ ಹೊಲದ ಸಾಲಿನಲ್ಲಿ ಪ್ರತಿ ವರ್ಷ ಕಾಣುವ ಹೂವು ಅದು.

ಚಿತ್ರ ಫೋನಿಗೆ ಬಂತು. ಅನಸೂಯ ಆಗ ಹಿಟ್ಟಿನ ಮಿಲ್ಲಿನ ಮುಂದೆ ಬಿಸಿಲಲ್ಲಿ ನಿಂತಿದ್ದಳು. ಅಂಗೈಯಷ್ಟು ಫೋನಿನಲ್ಲಿ ಅತ್ತೆಯ ಮುಖ ಕಂಡಿತು, ಊರಿನ ಹೆಸರು ತಪ್ಪಿಲ್ಲದೆ ಇತ್ತು, ಸುತ್ತ ಹಳದಿಯೂ ಇತ್ತು. "ಸರಿ ಐತೆ, ಹಾಕ್ಸಿ" ಅಂದುಬಿಟ್ಟಳು.

ಕವರು ಬಂದ ದಿನ ಹಬ್ಬವೇ. ಏನು ಹೊಳಪು! ರಂಗಕ್ಕನಿಗೆ ಕಣ್ಣಲ್ಲಿ ಪೊರೆ. ಕವರನ್ನು ಸವರಿ, "ರೇಷ್ಮೆ ಇದ್ದಂಗೈತೆ" ಅಂದಳು. ಆ ಖುಷಿಯಲ್ಲಿ ಯಾರೂ ಸರಿಯಾಗಿ ನೋಡಲಿಲ್ಲ. ತುಂಬಿದ್ದೇ ತುಂಬಿದ್ದು, ಸಿರಾಕ್ಕೆ ಕೊಟ್ಟೂ ಬಂದಳು.

ವಾರ ತುಂಬಿರಲಿಲ್ಲ. ಬರಗೂರಿನಿಂದ ರಂಗಕ್ಕನ ತಮ್ಮ ಕ್ಯಾತಣ್ಣ ಬಂದ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಬಂದಿದ್ದ. ಬಾಗಿಲಲ್ಲಿ ನಿಂತು ಒಂದೇ ಕೂಗು:

"ಲೇ ಜಯರಾಮ! ಈಚೆಗೆ ಬಾರಲೇ! ನಮ್ಮಕ್ಕನ್ನ ಮಣ್ಣು ಮಾಡಿ, ತಿಥೀನೂ ಮಾಡ್ಕೊಂಡು ಕೂತಿದ್ದೀರಲ್ಲಲೇ! ಫೋಟೋಗೆ ಹಾರ ಹಾಕಿ ಅಂಗಡೀಲಿ ನೇತಾಕವ್ರೆ, ಒಡಹುಟ್ಟಿದೋನ್ಗೆ ಒಂದು ಮಾತಿಲ್ಲ!"

ಒಳಗಿಂದ ರಂಗಕ್ಕ ಮೊರ ಹಿಡಿದುಕೊಂಡು ಬಂದಳು. "ಯಾವನ್ಲಾ ಅದು ಬಡ್ಕತಿರೋದು?"

ಕ್ಯಾತಣ್ಣ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಮ್ಮ ಗೋಡೆಗೆ ಒರಗಿದ.

"ಅಕ್ಕ... ನೀನು ಬದುಕಿದ್ದೀಯಾ?"

"ಇಲ್ಲ ಕಣ್ಲಾ, ಸತ್ತು ಹುಚ್ಚೆಳ್ಳು ಕೇರ್ತಾ ಇವ್ನಿ. ಬರಿಗೈಲಿ ಬಂದಿದ್ದೀಯಲ್ಲ, ನಾನು ಸತ್ತಿದ್ರೆ ಹೆಣಕ್ಕೆ ಹೊದಿಸೋ ತವರಿನ ಸೀರೆ ಯಾವೋನು ತರ್ತಿದ್ದ?"

ಕ್ಯಾತಣ್ಣ ಜೇಬಿನಿಂದ ಚಟ್ನಿಪುಡಿಯ ಪಾಕೀಟು ತೆಗೆದು ತೋರಿಸಿದ. ಆಗ ಎಲ್ಲರೂ ನೋಡಿದೆವು. ರಂಗಕ್ಕನ ಮುಖದ ಎರಡೂ ಕಡೆಯಿಂದ ಹಳದಿ ಸೇವಂತಿಗೆಯ ಹಾರ ದಪ್ಪಗೆ ಇಳಿಬಿದ್ದಿತ್ತು. ಖಾಲಿ ಕಾಣಬಾರದು ಅಂತಲೋ ಏನೋ, ಪ್ರಭುದೇವ್ ಕೆಳಗೆ ಒಂದು ದೀಪವನ್ನೂ ಹಚ್ಚಿಟ್ಟಿದ್ದ. ಒಮ್ಮೆ ಹಾಗೆ ಕಂಡ ಮೇಲೆ ಬೇರೆ ಥರ ಕಾಣಲೇ ಇಲ್ಲ. ನಮ್ಮಲ್ಲಿ ಯಾರ ಮನೆಯ ಗೋಡೆಯಲ್ಲಾದರೂ ಅಂಥ ಫೋಟೋ ಇದ್ದರೆ ಅದು ತೀರಿಕೊಂಡವರದೇ.

"ಅಯ್ಯೋ ದೇವುಡಾ!" ಅಂತ ಅನಸೂಯ ತಲೆ ಮೇಲೆ ಕೈ ಹೊತ್ತು ಕೂತಳು.

ಆಮೇಲೆ ನಾವು ಆ ಹಾರ ಅಳಿಸಲು ಪಟ್ಟ ಪಾಡು ಒಂದೆರಡಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದೆವು. ಪೇಂಟಿನವರ ಹತ್ತಿರ ತಿನ್ನರ್ ತಂದು ಒರೆಸಿದೆವು. ತೆಂಗಿನ ನಾರಿನಲ್ಲಿ ಉಜ್ಜಿದಾಗ ಹೊಳಪು ಹೋಯಿತು, ಹಾರ ಹೋಗಲಿಲ್ಲ. ಕೊನೆಗೆ ಅನಸೂಯ ಪ್ರಭುದೇವ್‌ಗೆ ಫೋನು ಮಾಡಿದಳು.

"ಅಕ್ಕ, ಎಣ್ಣೆ ಜಿನುಗಬಾರದು ಅಂತ ನೀವೇ ಕೇಳಿದ್ರಲ್ಲ, ಅದಕ್ಕೆ ಎರಡು ಪದರದ ಕವರು. ಬಣ್ಣ ಎರಡರ ನಡುವೆ ಕೂತಿದೆ. ಮೇಲೆ ತಿಕ್ಕಿದ್ರೆ ಏನೂ ಆಗಲ್ಲ."

"ಹಾರ ಯಾಕಪ್ಪಾ ಹಾಕ್ದೆ?"

"ಹೂವು ತುಂಬ ಇರಲಿ ಅಂದ್ರಿ. ಫೋಟೋ ಸುತ್ತ ಹೂವು ಅಂದ್ರೆ ಇನ್ನೆಂಗೆ ಹಾಕ್ಲಿ? ನೀವು ನೋಡಿ ಸರಿ ಅಂದಿದ್ದೀರಿ."

ಇವಳು ಫೋನಿಟ್ಟಳು. ಆಮೇಲೆ ಆಡಿದ್ದೆಲ್ಲ ತೆಲುಗು.

ಸಿರಾದಲ್ಲಿ ನಂದೀಶ್ವರಯ್ಯನವರು ಮಾರದೆ ಉಳಿದ ಪಾಕೀಟನ್ನೆಲ್ಲ ಮೂಟೆ ಕಟ್ಟಿಟ್ಟಿದ್ದರು. "ಬೆಳಗ್ಗೆ ಬೋಣಿ ಹೊತ್ತಲ್ಲಿ ಸತ್ತೋರ ಫೋಟೋ ಯಾರಮ್ಮ ಮುಟ್ತಾರೆ?"

"ಬದುಕವ್ರೆ ಸಾವ್ಕಾರ್ರೆ. ಇವತ್ತೂ ನನ್ನ ಬೈದೇ ಕಳಿಸಿರೋದು."

"ಅದನ್ನ ಬಂದೋರಿಗೆಲ್ಲ ಹೇಳ್ಕೊಂಡು ಕೂರ್ಲಾ ನಾನು? ಒಂದು ಕೆಲ್ಸ ಮಾಡು. ನಮ್ಮಂಗಡಿ ಚೀಟೀನ ಅಗಲವಾಗಿ ಮಾಡ್ಸಿ ಮೇಲೆ ಅಂಟಿಸ್ಬುಡಾನ. ಹಾರನೂ ಮುಚ್ಚೋಯ್ತದೆ, ಪುಡೀನೂ ಖರ್ಚಾಯ್ತದೆ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಇವಳು ಇಷ್ಟು ಒದ್ದಾಡಿದ್ದೇ ಆ ಚೀಟಿ ಬೇಡ ಅಂತ. ಮೂಟೆ ಹೊತ್ತು ಬಸ್ಸು ಹತ್ತಿದಳು.

"ನಡಿ, ಬಡವನಹಳ್ಳಿ ಸಂತೇಲಿ ನಾನೇ ಕೂತ್ಕತೀನಿ" ಅಂದಳು ರಂಗಕ್ಕ. "ಕಣ್ಣಾರ ನೋಡ್ಲಿ, ಸತ್ತವ್ಳೋ ಇದ್ದವ್ಳೋ ಅಂತ."

ಕೂತಳು. ಪಾಕೀಟಿನ ರಾಶಿ ಮುಂದೆ, ಹಿಂದೆ ಅವಳು. ಬಂದವರು ಕವರು ನೋಡುವುದು, ಅವಳನ್ನು ನೋಡುವುದು, ಮತ್ತೆ ಕವರು ನೋಡುವುದು. ಒಬ್ಬ ಹೆಂಗಸು ಪಾಪ ಅನ್ನುವಂತೆ, "ನಿಮ್ಮಕ್ಕನಾ, ಅಜ್ಜಿ? ನಿಮ್ಮಂಗೇ ಅವ್ರೆ" ಅಂದಳು.

"ನಾನೇ ಕಣವ್ವ! ನಾನೇ!"

ನಕ್ಕವರು ಕೊಂಡರು. ನಗದವರು ಮುಂದಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ರಂಗಕ್ಕನಿಗೆ ಗಂಟಲು ಬಿದ್ದುಹೋಗಿತ್ತು. "ಬದುಕಿವ್ನಿ ಬದುಕಿವ್ನಿ ಅಂತ ಬಡ್ಕಂಡೇ ನನ್ನ ಪ್ರಾಣ ಹೋಯ್ತದೆ" ಅಂದಳು. ಮನೆಗೆ ಬಂದು ಮೂಟೆಗೆ ಒಂದು ಒದ್ದಳು. "ಇನ್ನೊಂದ್ಸಲ ಮಾಡ್ಸಿದ್ರೆ ನನ್ನ ಮೊಖ ಬ್ಯಾಡ ಕಣೇ. ಕೈ ಹಾಕ್ಸು. ಕೈಗೆ ಯಾರೂ ಹಾರ ಹಾಕಲ್ಲ."

ಉಳಿದ ಕವರನ್ನು ಅನಸೂಯ ಸುಡಲಿಲ್ಲ, ಅಟ್ಟಕ್ಕೆ ಎಸೆದಳು. ಮತ್ತೆ ಬರೀ ಕವರು, ಮತ್ತೆ ಮೇಣದಬತ್ತಿ. ಸಿರಾದ ಚೀಟಿ ಮಾತ್ರ ಬೇಡ ಅಂತ, ಕೇಳಿ ಬಂದ ಅಕ್ಕಪಕ್ಕದ ಊರಿನವರಿಗಷ್ಟೇ ಕೊಟ್ಟಳು. ಗೋಡೆಯಾಚೆ ಹುರಿಯುವ ಸದ್ದು ಕಮ್ಮಿಯಾಯಿತು. ಅದು ನನಗೆ ಹಿಡಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ರಾಗಿ ಸಾಲಿನಲ್ಲಿ ಹುಚ್ಚೆಳ್ಳು ಹೂಬಿಟ್ಟಿತು. ಒಂದು ಬೆಳಗ್ಗೆ ಅನಸೂಯ ಬೇರು ಸಮೇತ ಒಂದು ಗಿಡ ಕಿತ್ತು, ಒದ್ದೆ ಬಟ್ಟೆ ಸುತ್ತಿ, "ನಡಿಯಮ್ಮ ಕೊರಟಗೆರೆಗೆ" ಅಂದಳು.

ಪ್ರಭುದೇವ್ ಗಿಡವನ್ನು ತಿರುಗಿಸಿ ನೋಡಿದ. "ಇಷ್ಟೇನಾ ಅಕ್ಕ ಹುಚ್ಚೆಳ್ಳು ಹೂವು? ಇದನ್ನ ಹಾಕಿದ್ರೆ ಎದ್ದು ಕಾಣಲ್ಲ. ಸೂರ್ಯಕಾಂತಿ ಹಾಕ್ಲಾ?"

"ಒಳಗಿರೋದು ಹುಚ್ಚೆಳ್ಳು. ಮೇಲೂ ಅದೇ ಇರ್ಲಿ."

"ಉರುಳೆ ಎಲ್ಲ ಹೊಸದಾಗಿ ಕೆತ್ತಿಸಬೇಕು, ಗೊತ್ತಲ್ಲ?"

"ಗೊತ್ತು. ಈ ಸಲ ಫೋನಲ್ಲಿ ನೋಡಲ್ಲ. ನೀನು ಬರೆ, ನಾನಿಲ್ಲೇ ಕೂತಿರ್ತೀನಿ."

ಅವನು ಉಸಿರು ಬಿಟ್ಟು ಶುರು ಮಾಡಿದ. ಕೆಳಗೆ ರಂಗಕ್ಕನ ಎರಡು ಕೈ, ಮೊರ. ಮೇಲೆ ಒಂದು ಕಡ್ಡಿ, ಎರಡು ಎಲೆ, ಒಂದು ಹೂವು. ಎಸಳು ಎಣಿಸಿ ಎಣಿಸಿ ಅನಸೂಯ ಅವನ ತಪ್ಪು ತೋರಿಸುತ್ತಿದ್ದಳು. ಎರಡನೇ ಹೂವಿನ ಅರ್ಧಕ್ಕೆ ಕರೆಂಟು ಹೋಯಿತು. ಕಂಪ್ಯೂಟರು ಕಪ್ಪಾಯಿತು.

"ಬರೆದದ್ದು ಉಳಿದೈತಾ?"

"ಇಲ್ಲ ಅಕ್ಕ, ಮತ್ತೆ ಬರೀಬೇಕು. ಕರೆಂಟು ಸಂಜೆಗೇ ಬರೋದು. ನೀವು ಹೋಗಿ, ನಾನು ಕಳಿಸ್ತೀನಿ."

ಅನಸೂಯ ಏಳಲಿಲ್ಲ. ಬಾಡುತ್ತಿದ್ದ ಗಿಡವನ್ನು ನೋಡಿ, "ಒಂದು ಲೋಟ ನೀರು ಕೊಡಪ್ಪ" ಅಂದಳು. ನೀರು ಕುಡಿಯಲಿಲ್ಲ. ಗಿಡವನ್ನು ಲೋಟದಲ್ಲಿ ನಿಲ್ಲಿಸಿ, ನೆರಳಿಗೆ ಸರಿಸಿ, ಸೆರಗು ಬೀಸಿಕೊಳ್ಳುತ್ತಾ ಕೂತಳು.